ಹಚ್ಚಿದ ಮಸಾಲಿ ತೊಳದ ದಿನ

ಪುಣೆ ಬಾಜೂಕಿನ ಚಾಕಣದಾಗ ನಮ್ಮದೊಂದು ಖಾನಾವಳಿ ಅದ. ದಿನಾ ಐವತ್ತು ಅರವತ್ತು ಮಂದಿ ಉಣ್ತಾರ. ಎಲ್ಲಾರೂ ನಮ್ಮ ಕಡೆಯವ್ರ, ಯಾದಗಿರಿ, ಕಲಬುರಗಿ ಹುಡುಗ್ರು, ಕಾರಿನ ಕಾರ್ಖಾನ್ಯಾಗ ದುಡಿಯೂವ್ರು. ಜ್ವರ ಬಂದು ಮಲಗಿದಾವ ಸೈತ ನನ್ನ ಕೈಯಾನ ಬಿಸಿ ರೊಟ್ಟಿ, ಪುಂಡಿಪಲ್ಯ ಅಂದ್ರ ಎದ್ದು ಕೂಡ್ತಾನ. ಐತವಾರ ಮಟನ್ ಇದ್ರ ಬಾಗಲದಾಗ ಚಪ್ಪಲಿ ಬಿಡ್ಲಿಕ್ಕ ಜಾಗಾ ಇರೂದಿಲ್ಲ. ಅಂಥಾಕಿ ನಾ, ನನ್ನ ಹೊಟ್ಟ್ಯಾಗ ಹುಟ್ಟಿದ ಒಬ್ಬಾಕಿ ಮಗಳಿಗೆ ಒಂದು ತುತ್ತು ಉಣಸ್ಲಿಕ್ಕಾಗದ ಮೂರು ದಿನ ಆಕಿ ಹಾಸಗಿ ಬಾಜೂಕ ಕೂತು ಎದಿ ಬಡ್ಕೊಂಡೀನಿ. ಆ ಮೂರು ದಿನ, ಮತ್ತ ಅದರ ಮರುದಿನದ್ದು ಈ ಮಾತು.

ತಪ್ಪು ನಂದ, ಅದನ್ನ ಮೊದಲ ಹೇಳಿಬಿಡ್ತೀನಿ. ಆರು ವರ್ಷದ ಹಿಂದ ಮಗಳು ಪುಣೆದಾಗ ಕ್ಯಾಂಪ್ ಅನ್ನೂ ಪ್ಯಾಟಿಯ ಒಂದು ಚಸ್ಮಾದ ಅಂಗಡಿಗೆ ಕೆಲಸಕ್ಕ ಹೋಗ್ತಿದ್ಲು. ಅಲ್ಲೇ ಜೋಡಿ ಕೆಲಸ ಮಾಡೂ ಕ್ರಿಶ್ಚನ್ ಹುಡುಗನ್ನ ಮದಿವಿ ಆದ್ಲು. ನಮಗ ಹೇಳಲಿಲ್ಲ, ಕೇಳಲಿಲ್ಲ. ಮದಿವ್ಯಾದ ಮರುದಿನ ಇಬ್ಬರೂ ಪೇಢೆ ಡಬ್ಬಿ ಹಿಡ್ಕೊಂಡು ಕಾಲಿಗೆ ಬೀಳ್ಲಿಕ್ಕ ಬಂದ್ರು. ಖಾನಾವಳ್ಯಾಗ ಊಟದ ಹೊತ್ತು. ಅಷ್ಟೂ ಮಂದಿ ಮುಂದ ನಾ ಬಾಯಿ ಬಿಟ್ಟೆ.

“ದನಾ ತಿನ್ನೂ ಮನಿಗೆ ಹೋದೆಲ್ಲ, ಹೋಗು. ಆ ಮನಿ ಒಂದು ಹನಿ ನೀರು ನನ್ನ ನಾಲಿಗಿ ಮ್ಯಾಲ ಬಿದ್ರ ನಾ ನಿಮ್ಮವ್ವನ ಅಲ್ಲ!”

ನನ್ನ ಗಂಡ ಒಳಗಿಂದ ಓಡಿ ಬಂದು “ಸಾಕ್ ಮಾಡs” ಅಂದ. ನಾ ಮಾಡ್ಲಿಲ್ಲ. ಪೇಢೆ ಡಬ್ಬಿ ಒಗದೆ. ಮಾತು ಆಡಿದ್ರ ಹೋತು, ಮುತ್ತು ಒಡದ್ರ ಹೋತು ಅಂತಾರಲ್ಲ, ಗಾದಿ ಮಾತು ಎಲ್ಲಾ ನನಗ ಬರ್ತಾವ, ಹೊತ್ತಿಗೆ ಒಂದೂ ನೆನಪಾಗೂದಿಲ್ಲ. ಮಗಳು ಆ ಡಬ್ಬಿ ಎತ್ತಿಕೊಂಡು ಹೋದ್ಲು. ಆಮ್ಯಾಲ ವರ್ಷಕ್ಕ ಎರಡು ಸರ್ತಿ ಅಪ್ಪಗ ಫೋನ್ ಮಾಡ್ತಿದ್ಲು. ನಾ ಬಾಜೂಕ ಕೂತು ಕಿವಿ ಕೊಟ್ಟು ಕೇಳ್ತಿದ್ದೆ, ಮಾತಾಡ್ತಿರ್ಲಿಲ್ಲ. ಹ್ವಾದ ವರ್ಷ ಬೀಗತಿ ತೀರ್ಕೊಂಡ್ಲು, ಆಕಿ ಅತ್ತಿ. ಅದಕ್ಕೂ ಹೋಗ್ಲಿಲ್ಲ. ಮಗಳು ಬಸರಾಗ್ಯಾಳ ಅಂತ ತಿಳೀತು. ಬಾಣಂತನಕ್ಕ ಅಂತ ಅಂಟು, ಕೊಬ್ಬರಿ, ಉತ್ತತ್ತಿ ತಂದು ಡಬ್ಬ್ಯಾಗ ಮುಚ್ಚಿಟ್ಟೆ, ಯಾರಿಗೂ ಹೇಳ್ಲಿಲ್ಲ. ಆಕಿ ಕರದ್ರ ಹೋಗೂನು ಅಂತ ಕಾದೆ. ಕರೀಬೇಕಂತ, ಆಕಿ! ಒಗದಾಕಿ ನಾ, ಕರೀಬೇಕಾದಾಕಿ ಆಕಿ!

ಎಂಟನೇ ತಿಂಗಳದಾಗ ಕೂಸು ಹೊಟ್ಟ್ಯಾಗ ತೀರ್ಕೊಂತು. ಗಂಡು ಕೂಸು. ಅಳಿಯ ಆಸ್ಪತ್ರಿಯಿಂದ ನನ್ನ ಗಂಡಗ ಫೋನ್ ಮಾಡಿ ಹೇಳಿದ. ಅವತ್ತಾದ್ರೂ ಓಡಬೇಕೋ ಬ್ಯಾಡೋ? “ಯಾವ ಮಾರಿ ಹೊತ್ಕೊಂಡು ಹೋಗ್ಲಿ” ಅಂತ ಕೂತೆ. ಒಂದು ದಿನ ಆತು, ಎರಡು ದಿನ ಆತು. ಎಂಟನೇ ದಿನ ಮುಂಜಾನಿ ನನ್ನ ಫೋನ್ ಬಾರಿಸ್ತು. ಅಳಿಯ. ಮರಾಠ್ಯಾಗ ಮಾತಾಡ್ತಾನ, ನನಗ ‘ಆಯಿ’ ಅಂತಾನ, ಅವ್ವ ಅಂದಂಗ.

“ಆಯಿ, ಎಂಟು ದಿನದಿಂದ ಏನೂ ತಿಂದಿಲ್ರಿ. ಚಾ ಕುಡೀತಾಳ, ನೀರು ಕುಡೀತಾಳ. ಗ್ವಾಡಿ ಕಡೆ ಮಾರಿ ಮಾಡಿ ಮಲಗ್ಯಾಳ. ಮಾತಿಲ್ಲ, ಅಳೂದು ಸೈತ ಇಲ್ಲ. ನನ್ನ ಕೈಲಿ ಆಗವಲ್ದು.” ಅಷ್ಟು ಹೇಳಿ ಹುಡುಗ ಅತ್ತುಬಿಟ್ಟ.

ತವಾದ ಮ್ಯಾಲ ರೊಟ್ಟಿ ಇತ್ತು. ಗಂಡನ್ನ ನೋಡಿದೆ. ಅಂವ ನನ್ನ ಕೈಯಾನ ಅರಿವಿ ಕಸ್ಕೊಂಡು ತಾನ ರೊಟ್ಟಿ ತಿರುವಿದ. ನಾ ಅಂಟಿನ ಡಬ್ಬಿ, ನನ್ನ ಬಾಯಿಗೆ ಅಂತ ನಾಕು ಕಟಕ ರೊಟ್ಟಿ, ಒಂದು ದೊಡ್ಡ ಬಾಟ್ಲಿ ನೀರು ಚೀಲದಾಗ ತುಂಬ್ಕೊಂಡೆ. ನೀರ್ಯಾಕ ಅಂತೀರಿ? ಆಡಿದ ಮಾತು. ಮಗಳು ಸಾಯ್ಲಿಕತ್ತಾಳ ಅಂತ ಹೊಂಟ ಹೆಂಗಸು ತನ್ನ ಆಣಿ ಬಾಟ್ಲ್ಯಾಗ ಹಾಕ್ಕೊಂಡು ಹೊಂಟಿದ್ಲು.

ಕ್ಯಾಂಪಿನಾಗ ಅವರದು ಹಳೇ ಕಟ್ಟಡ, ಕಟಗಿ ಮೆಟ್ಲ, ಎರಡ ಖೋಲಿ. ಮಗಳನ್ನ ಆರು ವರ್ಷದ ಮ್ಯಾಲ ನೋಡ್ಲಿಕತ್ತೀನಿ, ಬೆನ್ನು ಅಷ್ಟ ಕಂಡಿತು. ಬೆನ್ನಿನ ಎಲುಬು ಎಣಿಸಬಹುದಿತ್ತು. “ಯವ್ವಾ, ನಾ ಬಂದೀನಿ ನೋಡು” ಅಂದೆ. ಹೊರಳಲಿಲ್ಲ. ಹತ್ರ ಹೋಗಿ ಭುಜ ಹಿಡದೆ. ಅಂಗಿ ಮುಂದಿನ ಭಾಗ ಎಲ್ಲಾ ಹಸಿ. ಕೂಸಿಲ್ಲ, ಹಾಲು ಬರ್ಲಿಕತ್ತಿತ್ತು. ಆ ಹುಡುಗಗ ಅದೇನು ತಿಳೀಬೇಕು ಪಾಪ, ಟವೆಲ್ ಮ್ಯಾಲ ಟವೆಲ್ ಕೊಟ್ಟಿದ್ದ.

ನಾ ಕೆಳಗಿಳದು ಮಾರ್ಕೆಟ್ಟಿಗೆ ಓಡಿದೆ. ಮಲ್ಲಿಗಿ ದಂಡಿ ಆರು ತಂದು, ಮಗಳನ್ನ ಎಬ್ಬಿಸಿ ಕೂಡಿಸಿ, ಎದಿಗೆ ಹೂವಿಟ್ಟು ಹಳೇ ಸೀರಿ ಹರದು ಬಿಗಿಯಾಗಿ ಕಟ್ಟಿದೆ. ಹಾಲು ಬತ್ತಲಿ ಅಂತ ನಮ್ಮಲ್ಲಿ ಹಂಗ ಮಾಡ್ತಾರ. ಮಲ್ಲಿಗಿ ವಾಸನಿ ಖೋಲಿ ತುಂಬ ಮದಿವಿ ಮನಿಯಂಗ. ನನಗ ಜೀವ ಹಾರಿಹೋಗ್ಲಿ ಅನಸ್ತು. ಆಕಿ ಕಟ್ಟಿಸ್ಕೊಂಡ್ಲು, ಒಂದು ಮಾತಿಲ್ಲ, ತಿರುಗಿ ಗ್ವಾಡಿ ಕಡೆ ಮಲಗಿದ್ಲು.

ಮೂರು ದಿನ ನಾ ಮಾಡದ ಅಡಗಿ ಇಲ್ಲ. ಅಂಟಿನುಂಡಿ ಕಟ್ಟಿದೆ. ಜ್ವಾಳದ ನುಚ್ಚು, ಮಜ್ಜಿಗಿ. ಮೆಂತ್ಯದ ಗಂಜಿ. ಸಣ್ಣಾಕಿದ್ದಾಗ ಆಕಿ ಜೀವ ಬಿಡ್ತಿದ್ದ ಸೀರಾ. ತಾಟು ಒಯ್ತಿದ್ದೆ, ತಾಟು ತರ್ತಿದ್ದೆ. ಮೊದಲ ದಿನ ರಮಿಸಿದೆ. ಎರಡನೇ ದಿನ ಬೈದೆ: “ಏನs, ಲೋಕದಾಗ ನಿನಗೊಬ್ಬಾಕಿಗೆ ಹಿಂಗಾಗ್ಯದೇನು? ಮ್ಯಾಲೇಳು!” ಬೈದು ಅಡಗಿ ಖೋಲಿಗೆ ಬಂದು ನನ್ನ ಬಾಯಿಗೆ ನಾನ ಹೊಡ್ಕೊಂಡೆ. ಮೂರನೇ ದಿನ ಬಗ್ಗಿ ಆಕಿ ಕಾಲು ಹಿಡದೆ. ಮಗಳ ಕಾಲು. ಆಕಿ ಕಾಲು ಮಡಚಿಕೊಂಡ್ಲು ಅಷ್ಟ.

ಓಣಿ ತುದಿ ಡಾಕ್ಟರಬಾಯಿ ದಿನಾ ಸಂಜಿಗೆ ಬಂದು ನೋಡಿ ಹೋಗ್ತಿದ್ಲು. ಮೂರನೇ ಸಂಜಿ ಅಳಿಯನ್ನ, ನನ್ನ ಮೆಟ್ಲದ ಮ್ಯಾಲ ಕರದು ಅಂದ್ಲು: “ರಕ್ತ ಇಳೀಲಿಕತ್ತದ. ನಾಳೆ ಸಂಜಿತನಾ ನೋಡ್ತೀನಿ. ಗಟ್ಟಿ ಆಹಾರ ಹೊಟ್ಟಿಗೆ ಹೋಗಲಿಲ್ಲಂದ್ರ ಅಡ್ಮಿಟ್ ಮಾಡ್ಬೇಕು, ನಳಿ ಹಾಕಿ ಉಣಸ್ಬೇಕಾಗ್ತದ.”

ಮಗಳು ಒಳಗಿಂದ ಕೇಳಿದ್ಲು ಅಂತ ಕಾಣಸ್ತದ. ನಾವು ಒಳಗ ಬಂದಾಗ ಹೊರಳಿದ್ಲು. ಕಣ್ಣು ಒಳಗ ಇಳದಿದ್ವು. “ಆ ಆಸ್ಪತ್ರಿಗೆ ನಾ ಹೋಗೂದಿಲ್ಲ. ರಾತ್ರಿ ಹಗಲು ಬ್ಯಾರೇದವ್ರ ಕೂಸು ಅಳ್ತಾವ ಅಲ್ಲಿ. ಒಯ್ದ್ರ ನಾ ಉಳಿಯೂದಿಲ್ಲ ನೋಡ್ರಿ ಮತ್ತ” ಅಂದ್ಲು. ಮೂರು ದಿನದಾಗ ಅದ ಮೊದಲ ಮಾತು.

ಅಳಿಯ ಮೊಣಕಾಲೂರಿ ಕೂತ. “ಹಂಗಾರ ತಿನ್ನು. ಏನು ತಿಂತಿ ಹೇಳು, ಏನ್ ಬೇಕಾದ್ರೂ ತರ್ತೀನಿ.”

ಆಕಿ ತಿರುಗಿ ಗ್ವಾಡಿ ಕಡೆ ಹೊರಳಿದ್ಲು. ಆಮ್ಯಾಲ ಗ್ವಾಡಿಗೆ ಹೇಳಿದಂಗ ಹೇಳಿದ್ಲು: “ಮಮ್ಮಿ ಮಾಡ್ತಿದ್ದ ರೋಸ್ಟ್ ಇದ್ರ ತಿಂತಿದ್ದೆ.”

ಮಮ್ಮಿ ಅಂದ್ರ ನಾ ಅಲ್ಲ. ನನಗ ಅವ್ವ ಅಂತಾಳ. ಮಮ್ಮಿ ಅಂದ್ರ ಬೀಗತಿ, ಸತ್ತಾಕಿ. ಸುಳ್ಳು ಯಾಕ ಹೇಳ್ಲಿ, ನನ್ನ ಹೊಟ್ಟ್ಯಾಗ ಕಿಚ್ಚು ಬಿತ್ತು. ಹಡದಾಕಿ ನಾ, ಕಾಲು ಹಿಡದಾಕಿ ನಾ, ಬಾಯಿಗೆ ಬಂದಿದ್ದು ಆಕಿ ಹೆಸರು! ಅದೂ ದನದ ಮಾಂಸಕ್ಕ!

ಅಳಿಯ ನನ್ನ ಅಡಗಿ ಖೋಲಿಗೆ ಕರದು ತಿಳಿಸಿ ಹೇಳಿದ. ಈಗ ಪುಣೆದಾಗ ಸಿಗೂದು ಎಮ್ಮಿದು, ಕ್ವಾಣದ್ದು. ದನದ್ದು ಬಂದಾಗಿ ಭಾಳ ವರ್ಷ ಆತು. ಆದ್ರ ಅವರ ಮನ್ಯಾಗ ಅದಕ್ಕೂ ಬೀಫ್ ಅಂತನ ಅಂತಾರ. ಐತವಾರ ಚರ್ಚಿಗೆ ಹೋಗಿ ಬಂದ ಮ್ಯಾಲ ಅಂವನ ತಾಯಿ ಇಡೀ ತುಂಡು ಬೇಯಿಸಿ, ತೆಳ್ಳಗ ಕೊಯ್ದು, ಮ್ಯಾಲ ಕಂದು ಸಾಸ್ ಸುರುವಿ ಪಾಂವ್ ಜೋಡಿ ಕೊಡ್ತಿದ್ರಂತ. ನನ್ನ ಮಗಳು ಮೊದಮೊದಲು ಮುಟ್ತಿರ್ಲಿಲ್ಲ, ಆಮ್ಯಾಲ ಅತ್ತಿ ತಾಟಿಂದ ಕಸ್ಕೊಂಡು ತಿಂತಿದ್ಲಂತ.

“ನಾಳೆ ಐತವಾರ ಅಲ್ಲಲ್ಲ, ನೀ ಮನ್ಯಾಗಿದ್ದು ಮಾಡ್ತೀಯೇನು?” ಅಂದೆ.

“ನನ್ನ ರಜಾ ಮುಗದಾವ ಆಯಿ. ನಾಳೆ ಹೋಗಲಿಲ್ಲಂದ್ರ ಕೆಲಸ ಹೋಗ್ತದ. ನಾ ಇವತ್ತ ಮಾಂಸ ತಂದು ಮಸಾಲಿ ಹಚ್ಚಿ ಇಡ್ತೀನಿ. ಬೇಯಿಸೂದು ಅಷ್ಟ ನೀವು...”

“ನಾ ಮುಟ್ಟೂದಿಲ್ಲ” ಅಂದೆ. ಅಂದು, ಅಂವನ ಮಾರಿ ನೋಡಿದೆ. ಹುಡುಗ ಗಡ್ಡ ಬಿಟ್ಟು, ಅಂಗಿ ಗುಂಡಿ ತಪ್ಪು ಹಾಕ್ಕೊಂಡು, ತನ್ನ ಕೂಸಿಗೆ ತಾನ ಮಣ್ಣು ಕೊಟ್ಟು ಬಂದವ. ನಮ್ಮಲ್ಲೂ ಕೂಸಿಗೆ ಮಣ್ಣು, ಅವರಲ್ಲೂ ಮಣ್ಣು. ಅದರಾಗ ಏನೂ ಫರಕಿಲ್ಲ. “ಹೇಳು ಹ್ಯಾಂಗ ಬೇಯಿಸೂದು” ಅಂದೆ.

ಅಂವ ಹೋಗಿ ತೊಡಿ ಕಡೇದು, ಎಲುಬಿಲ್ಲದ, ಕೂಸಿನ ತಲಿಯಷ್ಟು ದೊಡ್ಡ ತುಂಡು ತಂದ. ಕಾಟಾಚಮಚದ ಮುಳ್ಳಿನಿಂದ ಎಲ್ಲಾ ಕಡೆ ಚುಚ್ಚಿದ. ಬಳ್ಳೊಳ್ಳಿ, ಹಸಿ ಶುಂಠಿ, ಮೆಣಸು, ಚಕ್ಕಿ, ಲವಂಗ ಅರದು, ವಿನೆಗರ್ ಸುರುವಿ, ಉಪ್ಪು ಹಾಕಿ, ಒಂದು ಕರೀ ಸಾಸಿನ ಬಾಟ್ಲಿಯಿಂದ ನಾಕು ಚಮಚ ಹಾಕಿ, ತಿಕ್ಕಿ ತಿಕ್ಕಿ ಹಚ್ಚಿದ. ದಾರ ಸುತ್ತಿ ಕಟ್ಟಿ ಫ್ರಿಜ್ಜಿನಾಗ ಇಟ್ಟ. ನಾ ಬಾಗಲದಾಗ ಸೆರಗು ಮೂಗಿಗೆ ಹಿಡ್ಕೊಂಡು ನಿಂತಿದ್ದೆ.

ಮುಂಜಾನಿ ಹೊಂಟಾಗ ಮತ್ತೊಮ್ಮೆ ಹೇಳಿದ: “ಮೊದಲು ಎಣ್ಣ್ಯಾಗ ಎಲ್ಲಾ ಕಡೆ ಕೆಂಪಗ ಮಾಡ್ರಿ. ಆಮ್ಯಾಲ ಬಿಸಿನೀರು, ಮುಚ್ಚಿ ಸಣ್ಣ ಉರಿ, ಎರಡೂವರಿ ಮೂರು ತಾಸು. ಕುಕ್ಕರ್ ಬ್ಯಾಡ. ಉಪ್ಪು ಹಾಕಬ್ಯಾಡ್ರಿ, ಮಸಾಲ್ಯಾಗ ಅದ.”

“ಏ, ಹೋಗಪ್ಪ. ಐವತ್ತು ಮಂದಿಗೆ ಅಡಗಿ ಮಾಡಾಕಿ ನಾ, ನನಗ ಹೇಳಿಕೊಡ್ತಿ?” ಅಂದೆ.

ಅಲ್ಲೇ ನೋಡ್ರಿ ನಾ ಎಡವಿದ್ದು. ಸೊಕ್ಕು. ಅಂವ ಹೋದ ಮ್ಯಾಲ ಪಾತೇಲಿ ಹೊರಗ ತಗದೆ. ಮಾಂಸದ ಮ್ಯಾಲ ಕಂದು ಕೆಸರು, ತಳದಾಗ ಕೆಂಪು ಕಲಸಿದ ನೀರು, ಹುಳಿ ವಾಸನಿ. ನನ್ನ ಕೈ ನನ್ನ ಮಾತು ಕೇಳಲಿಲ್ಲ. ನಮ್ಮಲ್ಲಿ ಮಾಂಸ ತೊಳೀದ ಗಡಗಿಗೆ ಹಾಕಿದ್ರ ನಮ್ಮ ಅತ್ತಿಯವ್ರು ಇಡೀ ಗಡಗಿ ತಿಪ್ಪಿಗೆ ಚೆಲ್ಲತಿದ್ರು. ಮೂವತ್ತು ವರ್ಷ ಆತು, ಕುರಿ ಇರ್ಲಿ, ಕೋಳಿ ಇರ್ಲಿ, ಅರಿಷಿಣ ಹಚ್ಚಿ ಮೂರು ನೀರಿನಾಗ ತೊಳೀದ ನಾ ಒಲಿ ಹಚ್ಚಿಲ್ಲ. ಅದರಾಗ ಇದು ಎಂಥಾ ಮಾಂಸ, ಎಲ್ಲಿಂದ ಬಂದದ್ದು! ನಲ್ಲಿ ಕೆಳಗ ಹಿಡದೆ. ಕಂದು ಕೆಸರು ಎಲ್ಲಾ ತಿಕ್ಕಿ ತಗದೆ. ಅರಿಷಿಣ ಹಚ್ಚಿದೆ. ಒಂದು ನೀರು, ಎರಡು ನೀರು, ಮೂರು ನೀರು. ಚುಚ್ಚಿದ ತೂತಿನಾಗ ಬಳ್ಳೊಳ್ಳಿ ಚೂರು ಉಳದಿದ್ವು, ಅವನ್ನೂ ಹಿಂಡಿ ಹಿಂಡಿ ತಗದೆ. ತಳದ ನೀರು ಮೋರಿಗೆ ಚೆಲ್ಲಿದೆ. ಮಾಂಸ ಲಕಲಕ ಅಂತಿತ್ತು. ‘ಈಗ ನೋಡು, ಮನಷ್ಯಾರು ತಿನ್ನೂವಂಗ ಆತು’ ಅಂದ್ಕೊಂಡೆ.

ಎಣ್ಣಿ ಕಾಯಿಸ್ಲಿಕ್ಕ ಇಟ್ಟಿದ್ದೆ. ಫೋನ್ ಬಂತು.

“ಆಯಿ, ಒಂದು ಹೇಳೂದು ಮರತೆ. ಪಾತೇಲಿ ತಳದಾಗಿನ ಮಸಾಲಿ ನೀರು ಅದಲ್ಲ, ಅದನ್ನ ಚೆಲ್ಲಬ್ಯಾಡ್ರಿ. ಅದರಾಗ ಬೇಯಬೇಕು. ಮಮ್ಮಿ ಸಾಸ್ ಅಂದ್ರ ಅದ.”

ನಾ ಮೋರಿ ನೋಡಿದೆ. ಒಂದು ಲವಂಗ ಜಾಳಿಗೆ ಸಿಕ್ಕೊಂಡು ನಿಂತಿತ್ತು.

“ಆಯಿ?”

“ಹೂಂ, ಇಟ್ಟೀನಿ” ಅಂದೆ. ಸುಳ್ಳು. ಎಂಥಾ ಬಾಯಿ ಇದು ನಂದು, ಬಿಟ್ಟಾಗ ಬೈಗಳ, ಮುಚ್ಚಬೇಕಾದಾಗ ಸುಳ್ಳು.

ಫೋನ್ ಇಟ್ಟು ನೆಲಕ್ಕ ಕೂತೆ. ಒಲಿ ಮ್ಯಾಲ ಎಣ್ಣಿ ಹೊಗಿ ಆಡ್ಲಿಕತ್ತಿತ್ತು, ಎದ್ದು ಆರಸಲಿಲ್ಲ. ಅಯ್ಯ ಶಿವನ, ಎಂಟು ದಿನ ಮನ್ಯಾಗ ಕೂತೆ, ಅದು ಸಾಲಲಿಲ್ಲಂತ ಮಗಳು ಬಾಯಿ ಬಿಟ್ಟು ಕೇಳಿದ ಒಂದ ಒಂದು ತುತ್ತು ನನ್ನ ಕೈಯಿಂದ ಮೋರಿಗೆ ಹೋತು. ಸತ್ತಾಕಿ ಸೈತ ಆಕಿಗೆ ಉಣಸ್ತಿದ್ಲು, ಜೀವಂತ ಇದ್ದಾಕಿ ನಾ ಕಸ್ಕೊಂಡೆ. ಸಂಜಿಗೆ ಡಾಕ್ಟರಬಾಯಿ ಬರ್ತಾಳ. ಒಯ್ತಾರ. ಉಳಿಯೂದಿಲ್ಲ ಅಂದಾಳ, ಹುಡುಗಿ ನನ್ನಂಗ ಹಟಮಾರಿ, ಅಂದಂಗ ಮಾಡ್ತಾಳ. ಸೆರಗು ಬಾಯಾಗ ತುರುಕ್ಕೊಂಡು ಅತ್ತೆ, ಆಚೆ ಖೋಲಿಗೆ ಕೇಳಬಾರ್ದಂತ.

ಹತ್ತೂವರಿ ಆಗಿತ್ತು. ಹೊಸಾ ಮಾಂಸ ತಂದು ಮಸಾಲಿ ಹಚ್ಚಿ ಮತ್ತೊಂದು ರಾತ್ರಿ ಇಡ್ಲಿಕ್ಕ ಹೊತ್ತಿರ್ಲಿಲ್ಲ. ಎದ್ದೆ. ನಿನ್ನೆ ಬಾಗಲದಾಗ ನಿಂತು ಮೂಗು ಮುಚ್ಚಿ ನೋಡಿದ್ದನ್ನ ನೆನಪು ಮಾಡ್ಕೊಂಡೆ. ಬಳ್ಳೊಳ್ಳಿ ಎಷ್ಟು? ಒಂದು ಗಡ್ಡಿನೋ ಎರಡೋ? ಮೆಣಸು ಕುಟ್ಟಿದೆ. ವಿನೆಗರ್ ಸುರುವಿದೆ, ಹೆಚ್ಚಾತು ಅನಸ್ತು, ಮತ್ತ ಒಂಚೂರು ಬೆಲ್ಲ ಹಾಕಿದೆ. ಕರೀ ಸಾಸಿನ ಬಾಟ್ಲಿ ಮೂಸಿ ನೋಡಿದೆ, ಬೂಟಿನ ಪಾಲೀಶ್ ವಾಸನಿ ಬಂದಂಗಾತು, ಆದ್ರೂ ಹಾಕಿದೆ. ಬಣ್ಣ ಬರವಲ್ದು. ಚೀಲದಾಗ ನಮ್ಮ ಮನಿ ಕೆಂಪು ಖಾರದ ಪುಡಿಕಿ ಇತ್ತು, ಒಂದು ಚಮಚ ಜಡದೆ. ಉಪ್ಪಿನ ಡಬ್ಬಿಗೆ ಕೈ ಹಾಕಿದೆ, ‘ಉಪ್ಪು ಹಾಕಬ್ಯಾಡ್ರಿ’ ಅಂದಿದ್ದು ನೆನಪಾಗಿ ಕೈ ಹಿಂದ ತಗದೆ. ತಲಿ ಎಷ್ಟು ಕೆಟ್ಟಿತ್ತು ನೋಡ್ರಿ. ಉಪ್ಪಿದ್ದ ಮಸಾಲಿ ಮೋರ್ಯಾಗ ಹೋಗ್ಯದ, ಮಾತು ಮಾತ್ರ ಕಿವ್ಯಾಗ ಉಳದದ.

ಮಾಂಸ ಎಣ್ಣ್ಯಾಗ ಬಿಟ್ಟೆ. ಕೆಂಪಗಾತು. ಉಳ್ಳಾಗಡ್ಡಿ ಹಾಕಿ, ನನ್ನ ಮಸಾಲಿ ಸುರುವಿ, ನೀರು ಬಿಟ್ಟು ಮುಚ್ಚಿದೆ. ಮೂರು ತಾಸು ಒಲಿ ಮುಂದಿಂದ ಏಳಲಿಲ್ಲ. ವಾಸನಿ ಮಾತ್ರ ಚಲೋ ಬಂತು, ಖರೇ ಹೇಳ್ತೀನಿ, ಮಟನ್‌ಕಿಂತ ಗಾಢ. ಮಗಳು ಆಚೆ ಖೋಲ್ಯಾಗ ಹೊರಳಿದ ಸಪ್ಪಳ ಕೇಳಿಸ್ತು. ಬೆಂದ ತುಂಡು ಹೊರಗ ತಗದು ಆರಿಸಿ, ದಾರ ಬಿಚ್ಚಿ ತೆಳ್ಳಗ ಕೊಯ್ದೆ. ಉಳದ ರಸಕ್ಕ ಒಂದು ಚಮಚ ಮೈದಾ ಹುರದು ಹಾಕಿ ಗಟ್ಟಿ ಮಾಡಿದೆ. ಚಮಚ ಎತ್ತಿದೆ, ನಾಲಿಗಿತನಾ ತಂದೆ, ತಿರುಗಿ ಪಾತೇಲ್ಯಾಗ ಬಿಟ್ಟೆ. ಆಗಲಿಲ್ಲ. ವಾಸನಿ ಮ್ಯಾಲ ಅಡಗಿ ತೂಗಾಕಿ ನಾ, ಇದನ್ನೂ ತೂಗಿದೆ, ಸರಿ ಅದ ಅಂದ್ಕೊಂಡೆ.

ತಾಟು ಒಯ್ದೆ. ಮಗಳು ತಾನ ಎದ್ದು ಕೂತಿದ್ಲು! ಗ್ವಾಡಿಗೆ ಒರಗಿ, ಕೂದಲಾ ಹಿಂದ ಸರಸ್ಕೊಂಡು. ತಾಟು ತೊಡಿ ಮ್ಯಾಲ ಇಟ್ಟೆ. ಪಾಂವ್ ಮುರದು, ಒಂದು ತುಂಡು ಸಾಸಿನಾಗ ಒತ್ತಿ ಬಾಯಾಗ ಇಟ್ಕೊಂಡ್ಲು. ಅಗದ್ಲು. ನಿಲ್ಲಿಸಿದ್ಲು.

“ಇದು ಮಮ್ಮಿದಲ್ಲ.”

ನಾ ಸೆರಗಿಗೆ ಕೈ ಒರಸ್ಕೊಂಡೆ.

“ಮಾಂಸ ತೊಳದಿಯೇನು?” ತಾಟು ನೋಡ್ಕೋತ ಕೇಳಿದ್ಲು. “ಅವ್ವಾ, ಮಸಾಲಿ ಹಚ್ಚಿಟ್ಟಿದ್ದನ್ನ ತೊಳದಿಯೇನು?”

“ಹೂಂ” ಅಂದೆ. “ಮೂರು ನೀರಿನಾಗ.”

“ಇದರಾಗ ಉಪ್ಪಿಲ್ಲ. ಹನಿ ಉಪ್ಪಿಲ್ಲ. ನೀ ಬಾಯಾಗ ಹಾಕಿ ನೋಡಲೇ ಇಲ್ಲಲ್ಲ?”

ನಾ ನೆಲ ನೋಡಿದೆ.

ಆಕಿ ತಾಟು ಸರಿಸಿದ್ಲು, ಸಾಸ್ ಚಾದರ ಮ್ಯಾಲ ಚೆಲ್ಲಿತು. ಧ್ವನಿ ಏರಿತು, ಅದು ನನ್ನದ ಧ್ವನಿ, ಖಾನಾವಳ್ಯಾಗ ಒದರಿದ ಧ್ವನಿ. “ಮೂರು ದಿನದಿಂದ ನಿನ್ನ ಬಾಟ್ಲಿ ನೋಡ್ಲಿಕತ್ತೀನಿ. ಕೆಳಗ ಹೋಗಿ ಹೋಗಿ ನೀರು ತುಂಬಿಸ್ಕೊಂಡು ಬರ್ತಿ. ನನ್ನ ಮನಿ ನಲ್ಲಿ ನೀರು ಹೊಲಸು. ನಾ ತಿನ್ನೂದು ಹೊಲಸು. ನನ್ನ ಹೊಟ್ಟ್ಯಾಗ ಇದ್ದದ್ದೂ ಹೊಲಸ ಇತ್ತೇನು ನಿನಗ? ಅದಕ್ಕ ನೋಡ್ಲಿಕ್ಕ ಬರ್ಲಿಲ್ಲೇನು? ಅಂವ ನಮ್ಮ ಮಗನ್ನ ಬಟ್ಟ್ಯಾಗ ಸುತ್ತಿ ಹಿಡ್ಕೊಂಡು ಕೂತಿದ್ದ ಅವ್ವಾ, ಒಂದು ತಾಸು. ನೀ ಬರ್ತಿ ಅಂತ. ನಾ ಹೇಳಿದ್ದೆ, ಅವ್ವ ಬರ್ತಾಳ, ತಡೀ ಅಂತ.”

ಭೂಮಿ ಬಾಯಿ ಬಿಟ್ಟಿದ್ರ ಒಳಗ ಹೋಗ್ತಿದ್ದೆ. ಫೋನ್ ಬಂದ ದಿನ ಅದು. ಮಾರಿ ಹೊತ್ಕೊಂಡು ಹ್ಯಾಂಗ ಹೋಗ್ಲಿ ಅಂತ ನಾ ಚಾಕಣದಾಗ ಕೂತ ತಾಸು ಅದು.

ಚಾದರ ಮ್ಯಾಲ ಬಿದ್ದ ತುಂಡು ಎತ್ತಿ ಬಾಯಾಗ ಹಾಕ್ಕೊಂಡೆ. ಅಗದೆ. ನುಂಗಿದೆ. ಆಕಿ ಚೊಂಬಿನಾಗಿನ ನೀರು ಎತ್ತಿ ಗಟಗಟ ಕುಡದೆ, ಎದಿ ಮ್ಯಾಲೆಲ್ಲಾ ಚೆಲ್ಲಿಕೊಂಡೆ. ಆಣಿ ಮುರೀಬೇಕಂತ ಅಲ್ಲ, ತುತ್ತು ನೆತ್ತಿಗೆ ಹತ್ತಿತ್ತು.

“ಥೂ,” ಅಂದೆ, “ಖರೇನ ಉಪ್ಪಿಲ್ಲ. ನಾಯಿ ಸೈತ ಮೂಸೂದಿಲ್ಲ ಇದನ್ನ.”

ಮಗಳು ನನ್ನ ನೋಡಿದ್ಲು. ಆಕಿ ಬಾಯಿ ಸೊಟ್ಟ ಆತು, ನಗೂ ಬಂತೋ ಅಳೂ ಬಂತೋ ಆಕಿಗೂ ತಿಳೀಲಿಲ್ಲ, ಅಳೂನ ಬಂತು. ಹನ್ನೊಂದು ದಿನದ್ದು ಒಮ್ಮೆಲೆ. ನಾ ಅಪ್ಪಿ ಹಿಡದೆ. ಇಬ್ಬರೂ ಕೂಡಿ ಒದರಿ ಒದರಿ ಅತ್ವಿ. ಬಾಜೂ ಮನಿಯಾಕಿ ಬಂದು ಬಾಗಲದಾಗ ನಿಂತು ನೋಡಿ ಹೋದ್ಲು. ಅತ್ತು ಅತ್ತು ಸಾಕಾದ ಮ್ಯಾಲ ನಾ ಎದ್ದು ಹೋಗಿ ಸಾಸಿಗೆ ಉಪ್ಪು ಹಾಕಿ, ಮತ್ತೊಂದು ಕುದಿ ಬರಿಸಿ, ಈ ಸರ್ತಿ ನೆಕ್ಕಿ ನೋಡಿ, ಬ್ಯಾರೆ ತಾಟಿನಾಗ ಬಡಿಸ್ಕೊಂಡು ಬಂದೆ.

ಆಕಿ ಒಂದು ತುಂಡು ತಿಂದ್ಲು. ಇನ್ನೊಂದು ತಿಂದ್ಲು. ನಾ ಉಸಿರು ಹಿಡ್ಕೊಂಡು ಕೂತಿದ್ದೆ, ಮಾತಾಡಿದ್ರ ನಿಲ್ಲಿಸ್ತಾಳ ಅಂತ. ಮೂರನೇದು ಕೈಯಾಗ ಹಿಡ್ಕೊಂಡು ಅಂದ್ಲು: “ಅವ್ವಾ, ಎಲ್ಲಾರೂ ‘ಕೂಸು, ಕೂಸು’ ಅಂತಾರ. ಹೆಸರು ಏನಿಟ್ಟಿದ್ದೆ ಅಂತ ಯಾರೂ ಕೇಳಲಿಲ್ಲ.”

“ಏನಿಟ್ಟಿದ್ದೆ ಯವ್ವಾ?” ಅಂದೆ.

ಹೇಳಿದ್ಲು. ಎರಡು ಭಾಗದ ಹೆಸರು, ಮೊದಲನೇದು ಅವರ ಮಂದಿದು, ಎರಡನೇದು ನಮ್ಮಪ್ಪಂದು. ಅದನ್ನ ನಾ ಇಲ್ಲಿ ಬರಿಯೂದಿಲ್ಲ, ನೀವೂ ಕೇಳಬ್ಯಾಡ್ರಿ. ಮೊದಲನೇದು ನನ್ನ ನಾಲಿಗಿಗೆ ತಿರುಗವಲ್ದು, ತಪ್ಪಂದೆ. ಮಗಳು ತಿದ್ದಿದ್ಲು. ಮತ್ತ ಅಂದೆ, ಮತ್ತ ತಿದ್ದಿದ್ಲು. ಮೂರನೇ ಸರ್ತಿಗೆ ಸರಿ ಬಂತು. ಪೂರಾ ಹೆಸರು ಜೋರಾಗಿ, ಆಚೆ ಖೋಲ್ಯಾಗ ಆಡ್ಲಿಕತ್ತ ಹುಡುಗನ್ನ ಊಟಕ್ಕ ಕರದಂಗ ಕರದೆ.

ಮಗಳು ಬಾಗಲ ಕಡೆ ನೋಡಿದ್ಲು, ನಾನೂ ನೋಡಿದೆ. ಆಮ್ಯಾಲ ಆಕಿ ತಾಟು ತನ್ನ ಕಡೆ ಎಳಕೊಂಡ್ಲು.